ಮಂಗಳೂರು–ಉಡುಪಿಯ ಬಾಡಿಗೆ ಬೈಕ್: ಘಾಟಿ ಹತ್ತಿಸುತ್ತದೆ ಸರಿ, ಇಳಿಸುತ್ತದೆಯೇ?

ಬ್ಯಾಗ್ ಹೆಗಲಿಗೇರಿಸಿ ರೈಲಿಳಿದವರಿಗೆ ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಬಾಡಿಗೆ ಬೈಕ್ ಸಿಗುವುದು ಈಗ ಕಷ್ಟವಲ್ಲ. ಬೆಳಿಗ್ಗೆ ಗಾಡಿ ತಗೊಂಡರೆ ಮಧ್ಯಾಹ್ನದೊಳಗೆ ಆಗುಂಬೆ, ಕುದುರೆಮುಖ, ಚಾರ್ಮಾಡಿ ಯಾವುದಾದರೊಂದು ಘಾಟಿಯ ಮೇಲಿರಬಹುದು. ಕಡಲ ಬದಿಯಿಂದ ಹೊರಟವರನ್ನು ಇಷ್ಟು ಬೇಗ ಮಂಜಿನೊಳಗೆ ಮುಟ್ಟಿಸುವ ಊರುಗಳು ಕಡಿಮೆ. ಆದರೆ ಈ ಸೇವೆಯನ್ನು ಜನ ಅಳೆಯುವ ರೀತಿ ಸರಿಯಿಲ್ಲ. ಗಿರಾಕಿ ನೋಡುವುದು ಪಿಕಪ್, ಸೈಲೆನ್ಸರ್ ಸದ್ದು, ಬಣ್ಣ. ಅಂಗಡಿಯವರು ತೋರಿಸುವುದೂ ಅದನ್ನೇ. ನಿಜವಾದ ಪರೀಕ್ಷೆ ಇರುವುದು ಸಂಜೆ ಕೆಳಗಿಳಿಯುವಾಗ. ಹತ್ತಲಾರದ ಗಾಡಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ, ಅಷ್ಟೆ. ಇಳಿಯಲಾರದ ಗಾಡಿ ನಿಲ್ಲುವುದೇ ಇಲ್ಲ. ಹಾಗಾಗಿ ಇಲ್ಲಿನ ಬಾಡಿಗೆ ಗಾಡಿಗಳಿಗೆ ಅಂಕ ಕೊಡುವುದಾದರೆ ಬ್ರೇಕು, ಟಯರು, ಇಂಜಿನ್ ಹಿಡಿತ (ಎಕ್ಸಲರೇಟರ್ ಬಿಟ್ಟಾಗ ಇಂಜಿನ್ನೇ ಗಾಡಿಯನ್ನು ತಡೆಯುವುದು), ಈ ಮೂರಕ್ಕೇ ಕೊಡಬೇಕು.

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸೋಮೇಶ್ವರಕ್ಕೆ 14 ತಿರುವುಗಳಲ್ಲಿ, ಕೆಲವೇ ಕಿಲೋಮೀಟರಿನೊಳಗೆ ಇಳಿಯಬೇಕು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ತೂಕವೇ 195 ಕೆ.ಜಿ. ಇಬ್ಬರು ಸವಾರರು, ಎರಡು ಬ್ಯಾಗು ಸೇರಿದರೆ 350 ಕೆ.ಜಿ. ಹತ್ತಿರ. ಅಷ್ಟು ಭಾರ ಇಳಿಜಾರಿನಲ್ಲಿ ಓಡದಂತೆ ಒಂದೋ ಇಂಜಿನ್ ತಡೆಯಬೇಕು, ಇಲ್ಲವೇ ಬ್ರೇಕ್ ತಡೆದು ಬಿಸಿಯಾಗಬೇಕು. ಡಿಸ್ಕ್ ಬ್ರೇಕಿನಲ್ಲಿ ಸಾಮಾನ್ಯವಾಗಿ ಇರುವುದು ಡಾಟ್ 4 ಎಣ್ಣೆ. ಮಾನದಂಡದ ಪ್ರಕಾರ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು. ತೇವ ಹೀರಿದ ಎಣ್ಣೆಗೆ 155 ಡಿಗ್ರಿ ಇದ್ದರೂ ಸಾಕು. ಗಾಳಿಯ ತೇವ ಹೀರುವುದು ಈ ಎಣ್ಣೆಯ ಗುಣ, ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನೂ ಬರವಿಲ್ಲ. ಎಣ್ಣೆ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ಆಮೇಲೆ ಲಿವರ್ ಎಷ್ಟು ಹಿಡಿದರೂ ಗುಳ್ಳೆ ಕುಗ್ಗುತ್ತದೆಯೇ ಹೊರತು ಪ್ಯಾಡ್ ಡಿಸ್ಕನ್ನು ಒತ್ತುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಿಸಬೇಕು. ಇಂಜಿನ್ ಆಯಿಲಿಗೆ ಸಿಗುವ ಗಮನ ಇದಕ್ಕೆ ಸಿಗುವುದು ಅಪರೂಪ.

ಕಡಲ ಉಪ್ಪುಗಾಳಿಯದ್ದು ಇನ್ನೊಂದು ಕಾಟ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ತುಕ್ಕು ಹಿಡಿದರೆ ಒಂದು ಬದಿಯ ಪ್ಯಾಡ್ ಮಾತ್ರ ಸವೆಯುತ್ತದೆ. ಊರೊಳಗೆ ಓಡಿಸುವಾಗ ಇದು ತಿಳಿಯುವುದೇ ಇಲ್ಲ.

ಹಾಗಾಗಿ ಕೀಲಿ ಕೈಗೆ ಬಂದ ಮೇಲೆ ಹತ್ತು ನಿಮಿಷ ಅಂಗಡಿಯ ಎದುರೇ ಕಳೆಯಿರಿ. ಹ್ಯಾಂಡಲಿನ ಬಲಗಡೆ ಇರುವ ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ಸಣ್ಣ ಗಾಜಿನ ಕಿಂಡಿ ಇರುತ್ತದೆ. ಎಣ್ಣೆ ತಿಳಿ ಹಳದಿ ಇದ್ದರೆ ಒಳ್ಳೆಯದು, ಕಟ್ಟು ಚಹಾದ ಬಣ್ಣಕ್ಕೆ ತಿರುಗಿದ್ದರೆ ಬೇರೆ ಗಾಡಿ ಕೇಳಿ. ಮುಂದಿನ ಲಿವರನ್ನು ಬಲವಾಗಿ ಹಿಡಿದು ಹತ್ತು ಎಣಿಸಿ. ಹಿಡಿದಂತೆ ನಿಲ್ಲಬೇಕು. ನಿಧಾನಕ್ಕೆ ಒಳಗೆ ಹೋದರೆ ಎಲ್ಲೋ ಸೀಲ್ ಸೋರುತ್ತಿದೆ, ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಮೊಬೈಲ್ ಟಾರ್ಚ್ ಹಾಕಿ ಪ್ಯಾಡುಗಳನ್ನು ಎರಡೂ ಬದಿಯಿಂದ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಹಿಡಿದರೆ ಮುಂದಿನ ಚಕ್ರ ಎತ್ತುತ್ತದೆ. ಆಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ನಡುವಿನಲ್ಲಿ ಎಲ್ಲೋ ಕಚ್ಚಿದಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ, ಹೇರ್‌ಪಿನ್ ತಿರುವಿನಲ್ಲಿ ಅಂಥ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಚೈನನ್ನು ಕೆಳಗಿನಿಂದ ಬೆರಳಲ್ಲಿ ಎತ್ತಿದರೆ ಎರಡೂವರೆ ಸೆಂಟಿಮೀಟರ್ ಆಸುಪಾಸು ಆಡಬೇಕು.

ಟಯರಿನಲ್ಲಿ ಎರಡು ಸಂಗತಿ. ಬದಿಯಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ, ಗೀರು ಎಷ್ಟೇ ಆಳವಿದ್ದರೂ ಒದ್ದೆ ರಸ್ತೆ ಹಿಡಿಯುವುದಿಲ್ಲ. ಇನ್ನೊಂದು, ಹೆದ್ದಾರಿಯಲ್ಲಿ ನೇರ ಓಡಿ ಓಡಿ ನಡುವೆ ಚಪ್ಪಟೆಯಾದ ಟಯರು. ಬಾಡಿಗೆ ಗಾಡಿಗಳಲ್ಲಿ ಇದು ಸಾಮಾನ್ಯ. ತಿರುವಿನಲ್ಲಿ ಬಾಗಿಸಿದಾಗ ಚಪ್ಪಟೆ ಭಾಗದ ಅಂಚು ದಾಟುವ ಕ್ಷಣಕ್ಕೆ ಗಾಡಿ ಒಮ್ಮೆಲೇ ವಾಲುತ್ತದೆ. ಹೊಸಬರು ಬೆಚ್ಚಿ ಬ್ರೇಕ್ ಹಿಡಿದುಬಿಡುತ್ತಾರೆ.

ಇನ್ನು ಯಾವ ಗಾಡಿ? ಮಣಿಪಾಲದ ಕಡೆ ಧಾರಾಳ ಸಿಗುವುದು 110 ಮತ್ತು 125 ಸಿಸಿ ಸ್ಕೂಟರ್. ಮಲ್ಪೆ, ಕಾಪು, ಕಾರ್ಕಳ ತಿರುಗಲು ಇದಕ್ಕಿಂತ ಅನುಕೂಲ ಬೇರಿಲ್ಲ. ಆಗುಂಬೆಗೂ ಒಬ್ಬರೇ ಹೋಗುವುದಾದರೆ ನಡೆಯುತ್ತದೆ. ಇಬ್ಬರು ಕುಳಿತು ಮಳೆಯಲ್ಲಿ ಇಳಿಯಲು ಮಾತ್ರ ಬೇಡ. ಸ್ಕೂಟರಿನ ಕ್ಲಚ್ ಕೇಂದ್ರಾಪಗಾಮಿ ಬಲದಿಂದ ಕಚ್ಚುವಂಥದ್ದು. ಎಕ್ಸಲರೇಟರ್ ಬಿಟ್ಟು ವೇಗ ತೀರಾ ಇಳಿದರೆ ಅದು ಬಿಟ್ಟುಕೊಳ್ಳುತ್ತದೆ, ಇಂಜಿನ್ ಹಿಡಿತ ಪೂರ್ತಿ ಹೋಗುತ್ತದೆ. ಹೇರ್‌ಪಿನ್ ತಿರುವು ದಾಟುವುದು ಹೆಚ್ಚುಕಡಿಮೆ ಅದೇ ವೇಗದಲ್ಲಿ! ಹಿಡಿತ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಇಲ್ಲ. ಉಳಿಯುವುದು ಬ್ರೇಕ್ ಒಂದೇ, ಅದು ಡ್ರಮ್ ಆದರೆ ಕಾದ ಹಾಗೆ ಸಡಿಲವಾಗುತ್ತಾ ಹೋಗುತ್ತದೆ. ಸ್ಕೂಟರಿನಲ್ಲೇ ಇಳಿಯಬೇಕಾಗಿ ಬಂದರೆ ಎಕ್ಸಲರೇಟರನ್ನು ಆಗಾಗ ಸ್ವಲ್ಪವೇ ತಿರುಗಿಸಿ ಕ್ಲಚ್ ಕಚ್ಚುವಂತೆ ನೋಡಿಕೊಳ್ಳಿ, ನಾಲ್ಕೈದು ತಿರುವಿಗೊಮ್ಮೆ ಬದಿಗೆ ನಿಲ್ಲಿಸಿ ಡ್ರಮ್ ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ.

ನಮ್ಮ ಘಾಟಿಗಳಿಗೆ ಹೇಳಿ ಮಾಡಿಸಿದ್ದು 150ರಿಂದ 200 ಸಿಸಿಯ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಗೇರ್ ಬೈಕ್. ಹಗುರ, ತಿರುವಿನಲ್ಲಿ ಚುರುಕು, ಟ್ಯೂಬ್‌ಲೆಸ್ ಟಯರು. ಬಾಡಿಗೆಯೂ ಕಡಿಮೆ. ಆದರೂ ಬಂದವರೆಲ್ಲ ಕೇಳುವುದು ಬುಲೆಟ್ ಇಲ್ಲವೇ ಹಿಮಾಲಯನ್. ಕ್ಲಾಸಿಕ್ 350 ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಆ ಮಟ್ಟಿಗೆ ಭರವಸೆಯ ಗಾಡಿ. ಹಳೆಯ 411 ಸಿಸಿ ಹಿಮಾಲಯನ್‌ಗೆ ನೆಲದಿಂದ 220 ಮಿ.ಮೀ. ಎತ್ತರವಿದೆ, ಗುಂಡಿ ರಸ್ತೆಗೆ ಒಳ್ಳೆಯದು. ಆದರೆ ಕಡ್ಡಿ ಚಕ್ರದ ಈ ಗಾಡಿಗಳಲ್ಲಿ ಒಳಗೆ ಟ್ಯೂಬ್ ಇರುತ್ತದೆ. ಪಂಕ್ಚರ್ ಆದರೆ ಚಕ್ರ ಬಿಚ್ಚದೆ ದಾರಿಯಿಲ್ಲ. ಕುದುರೆಮುಖದ ಕಾಡಿನ ನಡುವೆ ಅದನ್ನು ಮಾಡಿಕೊಡುವವರು ಸಿಗುವುದಿಲ್ಲ. ಹೊರಡುವ ಮುಂಚೆ ಹಿಂದಿನದೂ ಮುಂದಿನದೂ ಒಂದೊಂದು ಟ್ಯೂಬ್, ಟಯರ್ ಲಿವರ್, ಸ್ಪ್ಯಾನರ್, ಕೈಪಂಪ್, ಒಂದು ಕ್ಲಚ್ ಕೇಬಲ್ ಅಂಗಡಿಯವರಿಂದ ಕೇಳಿ ಪಡೆಯಿರಿ. ಕೇಳದೆ ಕೊಡುವ ಅಂಗಡಿ ಸಿಕ್ಕರೆ ಅದನ್ನೇ ಹಿಡಿದುಕೊಳ್ಳಿ. ಒಳ್ಳೆಯ ಸೇವೆ ಯಾವುದು ಎಂದು ಗುರುತಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಕಾಗದಪತ್ರದ ವಿಷಯ ಚಿಕ್ಕದು. ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟಿನ ಸ್ವಂತ ಗಾಡಿಯನ್ನು ಬಾಡಿಗೆಗೆ ಕೊಡುವವರು ಎಷ್ಟೇ ಕಡಿಮೆ ದರ ಹೇಳಿದರೂ ಬೇಡ, ಅಪಘಾತವಾದರೆ ವಿಮೆ ಕೈಕೊಡುತ್ತದೆ. ದಿನಕ್ಕೆ ಎಷ್ಟು ಕಿಲೋಮೀಟರ್ ಮಿತಿ, ಮೀರಿದರೆ ಎಷ್ಟು ಎಂದು ಮೊದಲೇ ಕೇಳಿ. ಉಡುಪಿಯಿಂದ ಆಗುಂಬೆಗೆ ಹೋಗಿಬಂದರೆ 110 ಕಿ.ಮೀ. ಆಸುಪಾಸು ಆಗುತ್ತದೆ. ಮಂಗಳೂರಿನಿಂದ ಕಾರ್ಕಳ, ಕುದುರೆಮುಖ, ಕಳಸ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ ಸುತ್ತು ಹಾಕಿದರೆ 250 ದಾಟುತ್ತದೆ. ಗಾಡಿಯ ಸುತ್ತ ವಿಡಿಯೊ ತೆಗೆಯುವಾಗ ಗೀರುಗಳ ಜೊತೆ ಓಡೋಮೀಟರನ್ನೂ ಪೆಟ್ರೋಲ್ ಮಟ್ಟವನ್ನೂ ಸೇರಿಸಿ.

ಬ್ಯಾಗ್ ಕಟ್ಟುವುದರಲ್ಲಿ ಎಡವುವವರು ಬಹಳ. 60 ಲೀಟರಿನ ಬ್ಯಾಗನ್ನು ಹಿಂದಿನ ಕ್ಯಾರಿಯರ್ ಮೇಲೆ ನಿಲ್ಲಿಸಿ ಕಟ್ಟಿದರೆ ಭಾರ ಹಿಂದಿನ ಅಚ್ಚಿಗಿಂತಲೂ ಆಚೆ ಬೀಳುತ್ತದೆ, ಮುಂದಿನ ಚಕ್ರ ಹಗುರವಾಗುತ್ತದೆ. ಹತ್ತುವ ತಿರುವಿನಲ್ಲಿ ಹ್ಯಾಂಡಲ್ ತೇಲಿದಂತಾಗುವುದು ಇದರಿಂದಲೇ. ಒಬ್ಬರೇ ಇದ್ದರೆ ಬ್ಯಾಗನ್ನು ಸೀಟಿನ ಮೇಲೆ ಅಡ್ಡ ಮಲಗಿಸಿ ಎರಡು ಬಂಜಿ ಹಗ್ಗ ಹಾಕಿ. ನೇತಾಡುವ ಪಟ್ಟಿಗಳನ್ನೆಲ್ಲ ಒಳಗೆ ಸಿಕ್ಕಿಸಿ, ಒಂದು ಪಟ್ಟಿ ಚೈನಿಗೆ ಸಿಕ್ಕರೂ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ.

ಇನ್ನು ಘಾಟಿಗಳು. ಹೆಬ್ರಿ, ಸೋಮೇಶ್ವರದ ಮೇಲೆ ಹೋಗುವ ಆಗುಂಬೆ ಘಾಟಿ ಚಿಕ್ಕದು, ಕಡಿದಾದದ್ದು. ತಿರುವು ಎಷ್ಟು ಬಿಗಿಯೆಂದರೆ ಇಲ್ಲಿ ಓಡುವುದು ಮಿನಿ ಬಸ್ಸುಗಳೇ, ಅವಕ್ಕೂ ಪೂರ್ತಿ ರಸ್ತೆ ಬೇಕು. ತಿರುವಿಗೆ ಮುಂಚೆ ಹಾರ್ನ್ ಹಾಕಿ, ಹತ್ತುವ ಗಾಡಿಗೆ ದಾರಿ ಬಿಡಿ. ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ, ಈ ಘಾಟಿಯಲ್ಲಿ ಅದು ಪ್ರಾಣಕ್ಕೆ ಬರುತ್ತದೆ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಜಾಗ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯಾಸ್ತ ಕಾಣುವ ಆಸೆ ಇಟ್ಟುಕೊಳ್ಳಬೇಡಿ. ಮುಂದೆ ಕುಂದಾದ್ರಿಗೆ ತುದಿಯವರೆಗೂ ರಸ್ತೆಯಿದೆ, ಕೊನೆಯ ಏರು ಸ್ಕೂಟರಿಗೆ ಇಬ್ಬರ ಭಾರದಲ್ಲಿ ಮೀರಿದ್ದು.

ಸವಾರಿಯ ಸುಖಕ್ಕೆ ಕೇಳಿದರೆ ಮೊದಲ ಸ್ಥಾನ ಕುದುರೆಮುಖದ ರಸ್ತೆಗೇ. ಬಜಗೋಳಿ, ಮಾಳ ದಾಟಿ ಎಸ್.ಕೆ. ಬಾರ್ಡರ್ (ಸೌತ್ ಕೆನರಾ, ಅಂದರೆ ದಕ್ಷಿಣ ಕನ್ನಡದ ಹಳೆಯ ಗಡಿ) ಹತ್ತಿದ ಮೇಲೆ ಒಂದು ಬದಿ ಶೋಲಾ ಕಾಡು, ಇನ್ನೊಂದು ಬದಿ ಹುಲ್ಲುಗಾವಲು. ತಿರುವುಗಳು ಉದ್ದ, ಬ್ರೇಕಿಗೆ ಕೆಲಸ ಕಡಿಮೆ. ಆದರೆ ಇದು ರಾಷ್ಟ್ರೀಯ ಉದ್ಯಾನ. ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಕತ್ತಲಾದ ಮೇಲೆ ಬೈಕುಗಳಿಗೆ ನಿರ್ಬಂಧ, ಕಂಡಕಂಡಲ್ಲಿ ನಿಲ್ಲಿಸುವಂತಿಲ್ಲ. ಕಾರ್ಕಳದಲ್ಲಿ ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಮೊಬೈಲಿಗೆ ಇಳಿಸಿಟ್ಟುಕೊಳ್ಳಿ, ಒಳಗೆ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. 2005ರ ಕೊನೆಗೆ ಅದಿರು ಗಣಿಗಾರಿಕೆ ನಿಂತ ಮೇಲೆ ಕುದುರೆಮುಖ ಪಟ್ಟಣ ಬಹುಪಾಲು ಬರಿದಾಗಿದೆ, ಅಲ್ಲಿ ಮೆಕ್ಯಾನಿಕ್ ಸಿಗುತ್ತಾನೆಂದು ಹೊರಡಬೇಡಿ. ತಿರುವಿನಾಚೆ ಕಾಟಿ (ಕಾಡುಕೋಣ) ನಿಂತಿದ್ದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹಾಕದೆ ಕಾಯಿರಿ.

ಕುದುರೆಮುಖ ಶಿಖರ ಹತ್ತುವವರು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಮಾಡಿರಬೇಕು, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಬೈಕನ್ನು ಸಂಸೆಯ ಕಡೆ ಬಿಟ್ಟು ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಅಲ್ಲಿಂದ ಹೋಗಿಬರಲು 18–20 ಕಿ.ಮೀ. ನಡಿಗೆ. ಅಷ್ಟು ನಡೆದ ಕಾಲಿಗೆ ಸಂಜೆ ಹಿಂದಿನ ಬ್ರೇಕ್ ಒತ್ತುವ ಕಸುವು ಉಳಿದಿರುವುದಿಲ್ಲ. ಸಂಸೆ ಅಥವಾ ಕಳಸದ ಹೋಮ್‌ಸ್ಟೇಯಲ್ಲಿ ಉಳಿದು ಬೆಳಿಗ್ಗೆ ಇಳಿಯಿರಿ. ಮಳೆಗಾಲ ಮುಗಿದ ಹೊಸತರಲ್ಲಿ ಇಂಬಳ (ಜಿಗಣೆ) ಜೋರು, ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ.

ಚಾರ್ಮಾಡಿ ರಾಷ್ಟ್ರೀಯ ಹೆದ್ದಾರಿ 73ರ ಭಾಗ. ರಸ್ತೆ ಆಗುಂಬೆಗಿಂತ ಅಗಲ, ಇಳಿತ ಉದ್ದ, ಅಪಾಯ ಮಂಜಿನದ್ದು. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆಯೇ ಕಾಣುತ್ತದೆ, ಲೋ ಬೀಮ್ ಹಾಕಿ ರಸ್ತೆಯ ಎಡ ಅಂಚಿನ ಗೆರೆ ನೋಡುತ್ತಾ ಹೋಗಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಈ ದಾರಿಯೇ ಮುಚ್ಚಿತ್ತು. ಮಳೆಗಾಲದಲ್ಲಿ ಹೊರಡುವ ಮುಂಚೆ ಜಿಲ್ಲಾಧಿಕಾರಿಗಳ ಆದೇಶ ನೋಡಿಕೊಳ್ಳುವುದು ಕಡ್ಡಾಯ. ಕೊಟ್ಟಿಗೆಹಾರದ ನೀರುದೋಸೆಗೆ ಹೆಸರಿದೆ, ಇಳಿಯುವ ಮುಂಚೆ ಕೈ ಬೆಚ್ಚಗಾಗಲು ಅರ್ಧ ಗಂಟೆ ಅಲ್ಲಿ ನಿಂತರೆ ಸವಾರಿಗೂ ಒಳ್ಳೆಯದು.

ಶಿರಾಡಿ ಲಾರಿ, ಟ್ಯಾಂಕರುಗಳ ದಾರಿ. ಬೈಕಿನವರು ನೋಡಲೆಂದು ಹೋಗಬೇಕಾದ್ದಲ್ಲ. ಅದರ ಬದಲು ಸುಬ್ರಹ್ಮಣ್ಯದಿಂದ ಬಿಸಿಲೆ ಹತ್ತಿ. ರಸ್ತೆ ಕಿರಿದು, ಕಾಂಕ್ರೀಟು, ನೆರಳಿರುವಲ್ಲಿ ಪಾಚಿ ಕಟ್ಟುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ. ಆನೆ ಓಡಾಡುವ ಕಾಡು, ಹಗಲೇ ದಾಟಿಕೊಳ್ಳಿ. ವೀಕ್ಷಣಾ ಸ್ಥಳದಿಂದ ಕುಮಾರ ಪರ್ವತದ ಸಾಲು ಕಾಣುತ್ತದೆ.

1,343 ಮೀಟರ್ ಎತ್ತರದ ಕೊಡಚಾದ್ರಿಗೆ ಬಾಡಿಗೆ ಬೈಕ್ ಏರಿಸುವ ಯೋಚನೆ ಬಿಟ್ಟುಬಿಡಿ. ಕೊನೆಯ ಭಾಗ ಕಲ್ಲು, ಕೆಸರಿನ ಜೀಪ್ ದಾರಿ. ಇಂಜಿನ್ ಕೆಳಗಿನ ಪೆಟ್ಟು ಬಹುತೇಕ ಬಾಡಿಗೆ ಕರಾರಿನಲ್ಲಿ ಗಿರಾಕಿಯ ತಲೆಗೇ ಬರುತ್ತದೆ. ಕೊಲ್ಲೂರಿನಲ್ಲಿ ಗಾಡಿ ನಿಲ್ಲಿಸಿ, ಸೀಟು ಹಂಚಿಕೊಳ್ಳುವ ಜೀಪ್ ಹಿಡಿಯಿರಿ. ಬೆಳಿಗ್ಗೆ ಬೇಗ ಹೋದರೆ ಜನ ಬೇಗ ತುಂಬುತ್ತಾರೆ, ಕಾಯುವುದು ತಪ್ಪುತ್ತದೆ.

ಬೈಕ್ ಓಡಿಸಿ ಪಳಗದವರು ಇಷ್ಟಕ್ಕೆಲ್ಲ ಹೋಗಬೇಕಾಗಿಲ್ಲ. ಉಡುಪಿಯಿಂದ ಆಗುಂಬೆ ಮೇಲೆ ತೀರ್ಥಹಳ್ಳಿ, ಶಿವಮೊಗ್ಗಕ್ಕೆ ಮಿನಿ ಬಸ್ಸುಗಳಿವೆ. ಮಂಗಳೂರಿನಿಂದ ಕಾರ್ಕಳ, ಕುದುರೆಮುಖದ ಮೇಲೆ ಕಳಸ, ಹೊರನಾಡಿಗೆ ಬಸ್ಸಿದೆ. ಎಡಗಡೆ ಕಿಟಕಿ, ಬಲಗಡೆ ಕಿಟಕಿ ಎಂದು ಜಗಳ ಬೇಡ, ಕುದುರೆಮುಖದ ದಾರಿಯಲ್ಲಿ ಎರಡೂ ಬದಿ ಚೆನ್ನ.

ಗಾಡಿ ವಾಪಸ್ ಕೊಡುವಾಗ ಇಳಿತದಲ್ಲಿ ಬ್ರೇಕ್ ಮೆತ್ತಗಾಗಿತ್ತೇ, ಯಾವ ತಿರುವಿನ ನಂತರ ಸದ್ದು ಶುರುವಾಯಿತು ಎಂದು ಬಿಡಿಸಿ ಹೇಳಿ, ಕರಾರಿನ ಹಾಳೆಯ ಮೇಲೂ ಬರೆಸಿ. ಕೇಳಿಸಿಕೊಂಡು ಅಲ್ಲೇ ಚಕ್ರ ತಿರುಗಿಸಿ ನೋಡುವ ಅಂಗಡಿಗೆ ಐದರಲ್ಲಿ ನಾಲ್ಕು ನಕ್ಷತ್ರ. ಮರುದಿನಕ್ಕೆ ಅದೇ ಗಾಡಿಯನ್ನು ಬರೀ ತೊಳೆದು ನಿಲ್ಲಿಸುವ ಅಂಗಡಿಗೆ ಒಂದು.