ಕಬಡ್ಡಿ ಹುಡುಗಿಯ ತೊಡೆಗೆ ಎಂ.ಆರ್.ಐ.: ಹುಬ್ಬಳ್ಳಿಯ ಸ್ಕ್ಯಾನಿಂಗ್ ಸೆಂಟರ್ ಹೇಗಿತ್ತು?

ಶಿರಸಿಯಲ್ಲಿ ಹೈಸ್ಕೂಲ್ ಹುಡುಗಿಯರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ನಮ್ಮ ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದಾಗ ತೊಡೆಯ ಹಿಂದೆ ಚಟ್ ಅಂದಿತು. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು) ಹರಿದಿದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯಾದ ಟೆಂಡನ್‌ಗೂ ಪೆಟ್ಟಾಗಿರಬಹುದು ಅಂತ ಮೂಳೆ ಡಾಕ್ಟರು ಎಂ.ಆರ್.ಐ. ಬರೆದುಕೊಟ್ಟರು. ಅವಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಹೋದೆ.

ಸೆಂಟರ್‌ನವರು ಕೊಟ್ಟ ಟೈಮಿಗೆ ಸರಿಯಾಗಿ ಒಳಗೆ ಕರೆದರು. ತಲೆಪಿನ್ನು, ಓಲೆ, ಕಾಲ್ಗೆಜ್ಜೆ ಎಲ್ಲ ಬಿಚ್ಚಿಸಿ ತಾಯಿಯ ಕರ್ಚೀಫಿಗೆ ಕಟ್ಟಿಸಿದರು. ಎಕ್ಸ್‌ರೇ ತರಹ ಕಿರಣದ ಭಯ ಇದರಲ್ಲಿಲ್ಲ, ಸದ್ದು ಮಾತ್ರ ಜಾಸ್ತಿ ಅಂತ ಟೆಕ್ನಿಷಿಯನ್ ಮೇಡಂ ಮೊದಲೇ ಹೇಳಿ ಕಿವಿಗೆ ಹತ್ತಿ ಕೊಟ್ಟರು. ಹುಡುಗಿಗೆ ಅಷ್ಟರಲ್ಲೇ ಧೈರ್ಯ ಬಂತು.

ನನಗೆ ತುಂಬಾ ಇಷ್ಟವಾಗಿದ್ದು ಆಮೇಲಿನದು. ಸ್ಕ್ಯಾನ್ ಚಿತ್ರ ಓದುವ ಡಾಕ್ಟರು, ಅಂದರೆ ರೇಡಿಯಾಲಜಿಸ್ಟ್, ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಚೆನ್ನಾಗಿರುವ ಸ್ನಾಯು ಕಪ್ಪಗೆ ಕಾಣುತ್ತಿತ್ತು. ಪೆಟ್ಟಾದ ಕಡೆ ನೀರು ತುಂಬಿ, ಕೋಳಿಗರಿಯ ಹಾಗೆ ಬೆಳ್ಳಗೆ ಹರಡಿತ್ತು. ನಡುವೆ ಟೆಂಡನ್‌ನ ಕರಿಗೆರೆ ಎಲ್ಲೂ ತುಂಡಾಗಿರಲಿಲ್ಲ. ಆ ಗೆರೆ ನೋಡಿ ಉಸಿರು ಬಿಟ್ಟೆ.

ಆದರೆ ಕೈಗೆ ಬಂದ ರಿಪೋರ್ಟಿನಲ್ಲಿ ಬರೀ 'ಗ್ರೇಡ್ 2' ಅಂತಿತ್ತು. ಇದು ಸಾಲದು. ಸ್ನಾಯುವಿನ ಪೆಟ್ಟುಗಳಿಗೆ 2014ರಲ್ಲಿ ಬಂದ ಬ್ರಿಟಿಷ್ ಅಥ್ಲೆಟಿಕ್ಸ್ ವಿಂಗಡಣೆಯಲ್ಲಿ, ಪೆಟ್ಟು ಎಷ್ಟು ಅಂತ ಹೇಳುವ 0ರಿಂದ 4ರವರೆಗಿನ ಅಂಕಿ ಜೊತೆಗೆ, ಎಲ್ಲಿ ಅಂತ ಹೇಳುವ ಎ, ಬಿ, ಸಿ ಅಕ್ಷರವೂ ಇರುತ್ತದೆ. ಸಿ ಅಂದರೆ ಟೆಂಡನ್ ಒಳಗೇ ಹರಿದಿದೆ. ಅಂಥದ್ದು ವಾಸಿಯಾಗಲು ಹೆಚ್ಚು ದಿನ ಬೇಕು, ಮತ್ತೆ ಹರಿಯುವ ಸಾಧ್ಯತೆಯೂ ಜಾಸ್ತಿ. ಕೇಳಿದ ಮೇಲೆ '2ಬಿ' ಅಂತ ತಿದ್ದಿಕೊಟ್ಟರು. ಸ್ನಾಯು ಟೆಂಡನ್‌ಗೆ ಸೇರುವ ಜಾಗದ ಪೆಟ್ಟು ಅದು. ಕೇಳದೇ ಇರುವವರಿಗೂ ಇದನ್ನು ಬರೆದೇ ಕೊಡಬೇಕು, ಅಲ್ವಾ?

"ಎಷ್ಟು ದಿನಕ್ಕೆ ಆಡ್ತಾಳೆ ಡಾಕ್ಟ್ರೇ?" ತಾಯಿ ಕೇಳಿದರು. "ಅಮ್ಮಾ, ಚಿತ್ರ ನೋಡಿ ತಾರೀಕು ಹೇಳೋಕಾಗಲ್ಲ. ಕಾಲನ್ನೇ ನೋಡ್ತಾ ಹೋಗ್ಬೇಕು" ಅಂದರು ರೇಡಿಯಾಲಜಿಸ್ಟ್. ನಿಜವಾದ ಮಾತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 180 ಗಂಡು ಆಟಗಾರರ ಹ್ಯಾಮ್‌ಸ್ಟ್ರಿಂಗ್ ನೋಡಿದ್ದರು. ಕೆಲವರು ಬೇಗ, ಕೆಲವರು ತಡವಾಗಿ ಆಟಕ್ಕೆ ಮರಳುವುದೇಕೆ ಅನ್ನುವುದರಲ್ಲಿ ಶೇ. 29ರಷ್ಟು, ಡಾಕ್ಟರು ವಿಚಾರಿಸಿ ಕೈಯಿಂದ ಪರೀಕ್ಷೆ ಮಾಡಿದ್ದರಿಂದಲೇ ತಿಳಿದಿತ್ತು. ಎಂ.ಆರ್.ಐ. ಸೇರಿಸಿದರೂ ಅದು ಶೇ. 31.8ಕ್ಕೆ ಏರಿತು, ಅಷ್ಟೇ.

ವಾಸಿಯಾಯಿತಾ ನೋಡಲು ಇನ್ನೊಂದು ಸ್ಕ್ಯಾನ್ ಬೇಡ ಅಂತಲೂ ಅವರೇ ಹೇಳಿದರು. ಆಟಕ್ಕೆ ಮರಳಿದವರಲ್ಲೂ ಆ ಬಿಳಿ ಬಹಳ ಸಲ ಉಳಿದಿರುತ್ತದಂತೆ. ಎರಡನೇ ಬಿಲ್ಲು ಮಾಡಿಸದೆ ಕಳಿಸಿದ ಸೆಂಟರ್ ಮೇಲೆ ನನಗೆ ನಂಬಿಕೆ ಬಂತು.

ಟೆಂಡನ್ ಬಗ್ಗೆ ಡಾಕ್ಟರಿಗೆ ಅನುಮಾನ ಇದ್ದರೆ ಖಂಡಿತ ಹೋಗಿ. ಬರೀ ತಾರೀಕು ತಿಳಿಯೋಕಾದರೆ ಆ ದುಡ್ಡನ್ನು ಒಳ್ಳೆಯ ಫಿಸಿಯೋಗೆ ಕೊಡಿ. ಫೋನ್ ಮಾಡಿಯೇ ಹೊರಡಿ. ರಿಪೋರ್ಟಿನಲ್ಲಿ ಅಕ್ಷರ ಇದೆಯಾ ಅಂತ ಕೌಂಟರಿನಲ್ಲೇ ನೋಡಿಕೊಳ್ಳಿ.