ಡಾಸ್‌ನಲ್ಲಿ ಕೀ ಹಿಡಿಯಲು ಚಾಯ್ಸ್ ಬೇಕಾ, ಎಂಟು ಬೈಟ್ ಸಾಕಾ?

ಮೈಸೂರಿನ ನಮ್ಮ ಮನೆಯ ಅಟ್ಟದಲ್ಲಿದ್ದ ಹಳೇ ಡಾಸ್ (ಕಮಾಂಡ್ ಟೈಪ್ ಮಾಡಿ ನಡೆಸುವ ಹಳೇ ವ್ಯವಸ್ಥೆ) ಕಂಪ್ಯೂಟರ್ ಮತ್ತೆ ಓಡುತ್ತಿದೆ. ಅದನ್ನು ನೋಡಿದ ಮಂಡ್ಯದ ಗೆಳೆಯ ತನ್ನದಕ್ಕೂ ಒಂದು ಮೆನು ಬ್ಯಾಚ್ ಫೈಲ್ (ಸಾಲಾಗಿ ಬರೆದಿಟ್ಟ ಕಮಾಂಡ್‌ಗಳ ಫೈಲ್) ಬೇಕೆಂದ. ತೊಡಕು ಒಂದೇ. ಪಾಜ್ ಕಮಾಂಡ್ ಸುಮ್ನೆ ಕಾಯುತ್ತದೆ, ಯಾವ ಕೀ ಒತ್ತಿದರು ಅಂತ ಹೇಳುವುದಿಲ್ಲ.

ನಿಮ್ಮದು ಎಂಎಸ್-ಡಾಸ್ 6.0 (1993) ಅಥವಾ ಆಮೇಲಿನದಾದರೆ ಚಾಯ್ಸ್ ಕಮಾಂಡ್ ಇದೆ. ಒತ್ತಿದ ಕೀ ನೀವು ಕೊಟ್ಟ ಪಟ್ಟಿಯಲ್ಲಿ ಎಷ್ಟನೆಯದು ಅಂತ ಅದು ಎರರ್‌ಲೆವೆಲ್ ಆಗಿ (ಪ್ರೋಗ್ರಾಂ ಮುಗಿಯುವಾಗ ಬಿಟ್ಟುಹೋಗುವ ಸಂಖ್ಯೆ) ಹೇಳುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರದ ತಲೆನೋವಿಲ್ಲ. ಯಾರೂ ಒತ್ತದಿದ್ದರೆ 10 ಸೆಕೆಂಡ್ ಆದ ಮೇಲೆ ತಾನೇ ಒಂದು ಉತ್ತರ ಆರಿಸಿಕೊಳ್ಳುವಂತೆಯೂ ಮಾಡಬಹುದು.

ಡಾಸ್ 5 ಆದರೆ? ಜೊತೆಗೇ ಬರುವ ಡಿಬಗ್‌ನಲ್ಲಿ (ಬೈಟ್‌ಗಳನ್ನು ನೇರವಾಗಿ ಬರೆಯಬಲ್ಲ ಸಾಧನ) 8 ಬೈಟ್‌ನ ಕಾಮ್ ಫೈಲ್ (ಪುಟ್ಟ ಪ್ರೋಗ್ರಾಂ) ಮಾಡಿಕೊಳ್ಳಿ, ಹೆಕ್ಸ್ ಎಣಿಕೆಯಲ್ಲಿ: ಬಿ4 08 ಸಿಡಿ 21 ಬಿ4 4ಸಿ ಸಿಡಿ 21. ಮೊದಲ ನಾಲ್ಕು ಬೈಟ್ ಕೀಗಾಗಿ ಕಾದು, ಅದರ ಸಂಖ್ಯೆಯನ್ನು ಎಎಲ್ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್‌ನೊಳಗಿನ ಪುಟ್ಟ ಜಾಗ) ಇಡುತ್ತವೆ. ಉಳಿದ ನಾಲ್ಕು ಅದೇ ಸಂಖ್ಯೆಯನ್ನು ಎರರ್‌ಲೆವೆಲ್ ಆಗಿ ಕೊಟ್ಟು ಪ್ರೋಗ್ರಾಂ ಮುಗಿಸುತ್ತವೆ. ಎಷ್ಟು ಚೆಂದ ಅಲ್ವಾ!

ಆದರೆ ಇಲ್ಲಿ ಕೆಲಸ ಜಾಸ್ತಿ. ದೊಡ್ಡ ವೈ 89, ಚಿಕ್ಕ ವೈ 121, ಎರಡನ್ನೂ ನೋಡಬೇಕು. ಎಫ್1 ಒತ್ತಿದರೆ ಮೊದಲು 0 ಬರುತ್ತದೆ, ಇನ್ನೊಮ್ಮೆ ಓದಿದಾಗಲೇ 59 ಸಿಗುವುದು. ಕಾಲಮಿತಿಯಂತೂ ಇಲ್ಲ.

ಎರಡರಲ್ಲೂ ಒಂದು ಎಚ್ಚರ ಬೇಕು. ಬ್ಯಾಚ್ ಫೈಲ್‌ನಲ್ಲಿ ಇಫ್ ಎರರ್‌ಲೆವೆಲ್ 2 ಅಂದರೆ 2 ಅಥವಾ ಅದಕ್ಕಿಂತ ಜಾಸ್ತಿ ಅಂತ. ಹಾಗಾಗಿ ದೊಡ್ಡ ಸಂಖ್ಯೆಯನ್ನೇ ಮೊದಲು ಬರೆಯಿರಿ. ನಾನು ಉಲ್ಟಾ ಬರೆದು ಒಂದು ಸಂಜೆಯೆಲ್ಲ ಒದ್ದಾಡಿದ್ದೆ.

ಒಂದೇ ಯಂತ್ರಕ್ಕಾದರೆ, ಡಾಸ್ 6 ಇದ್ದರೆ, ಚಾಯ್ಸ್ ಹಿಡಿಯಿರಿ. ಫ್ಲಾಪಿ ನಾಲ್ಕು ಮನೆ ಸುತ್ತುವುದಾದರೆ ನನ್ನ ಮತ ಆ ಎಂಟು ಬೈಟ್‌ಗೇ.