ಡಕ್‌ಡಿಬಿ: 4 ಕೋಟಿ ಸಾಲು, ಒಂದೇ ಲ್ಯಾಪ್‌ಟಾಪ್
ಫಿಲ್ಟರ್ ಕ್ಲಿಕ್ ಮಾಡುವುದು, ಪರದೆಯ ಮೇಲೆ ಲೋಡಿಂಗ್ ಚಕ್ರ ತಿರುಗುವುದನ್ನು ನೋಡುತ್ತಾ ಕೂರುವುದು. ಮೂರು ತಿಂಗಳು ನನ್ನ ಕೆಲಸ ಇಷ್ಟೇ ಆಗಿತ್ತು. ಸುಮಾರು 4 ಕೋಟಿ ಸಾಲಿನ ಲಾಗ್ ಡೇಟಾ (ಯಾರು ಯಾವಾಗ ಏನು ಬಳಸಿದರು ಅನ್ನೋ ದಾಖಲೆ). ಎಕ್ಸೆಲ್ ಮಾತೇ ಬೇಡ, ಒಂದು ಶೀಟಿನಲ್ಲಿ ಹಿಡಿಯುವುದೇ 10,48,576 ಸಾಲು. ನಾವು ಬಳಸುತ್ತಿದ್ದ ಡ್ಯಾಶ್‌ಬೋರ್ಡ್ ಟೂಲ್ (ಹೆಸರು ಬೇಡ ಬಿಡಿ) ಪ್ರತಿ ಕ್ಲಿಕ್ಕಿಗೂ ಡೇಟಾಬೇಸಿನ ಬಾಗಿಲು ತಟ್ಟಿ ಬರುತ್ತಿತ್ತು, ಪುಟದಲ್ಲಿ ಎಂಟು ಚಾರ್ಟ್ ಇದ್ದರೆ ಎಂಟು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಉತ್ತರ ಬರುವಷ್ಟರಲ್ಲಿ ಕೇಳಿದ್ದೇನು ಅನ್ನೋದೇ ಮರೆತಿರುತ್ತಿತ್ತು.

ಕೊನೆಗೆ ಡಕ್‌ಡಿಬಿ ಅನ್ನೋ ಡೇಟಾಬೇಸನ್ನು ನನ್ನ ಲ್ಯಾಪ್‌ಟಾಪಿಗೇ ಹಾಕಿಕೊಂಡೆ. ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು, 2019ರಲ್ಲಿ ಹೊರಬಂತು, 1.0 ಬಂದಿದ್ದು 2024ರಲ್ಲಿ. ಉಚಿತ, ಓಪನ್ ಸೋರ್ಸ್. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ. ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ) ಟೇಬಲ್ ಹೆಸರಿನ ಜಾಗದಲ್ಲಿ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯ) ಫೈಲಿನ ಹೆಸರನ್ನೇ ಬರೆದರೆ ಸುಮ್ನೆ ಓದಿಕೊಳ್ಳುತ್ತದೆ.

ನಿಜವಾದ ಮಜಾ ಇರುವುದು ಸಿಎಸ್‌ವಿಯನ್ನು ಪಾರ್ಕೆ ಅನ್ನೋ ಇನ್ನೊಂದು ಬಗೆಯ ಫೈಲ್ ಮಾಡಿದ ಮೇಲೆ. ಪಾರ್ಕೆ ಡೇಟಾವನ್ನು ಕಾಲಂ ಕಾಲಂ ಆಗಿ ಜೋಡಿಸಿಡುತ್ತದೆ. ನನ್ನ ಟೇಬಲ್ಲಿನಲ್ಲಿ 60 ಕಾಲಂ, ಲೆಕ್ಕಕ್ಕೆ ಬೇಕಿರುವುದು ಮೂರು, ಉಳಿದ 57ನ್ನು ಅದು ಮುಟ್ಟುವುದೇ ಇಲ್ಲ. ಜೊತೆಗೆ ಸಾಲುಗಳ ಪ್ರತಿ ಕಂತೆಗೂ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಬರೆದಿಟ್ಟಿರುತ್ತದೆ. ಮಾರ್ಚ್ ಕೇಳಿದರೆ ಮಾರ್ಚ್ ಇಲ್ಲದ ಕಂತೆಯನ್ನು ಬಿಚ್ಚುವುದಿಲ್ಲ. ಆದರೆ ತಾರೀಖಿನ ಪ್ರಕಾರ ಸಾರ್ಟ್ ಮಾಡಿ ಬರೆಯಬೇಕು, ಇಲ್ಲದಿದ್ದರೆ ಎಲ್ಲ ಕಂತೆಯಲ್ಲೂ ಎಲ್ಲ ತಿಂಗಳೂ ಬೆರೆತು ಈ ಲಾಭ ಹೋಯಿತು. ನಾನು ಮೊದಲ ಸಲ ಸಾರ್ಟ್ ಮಾಡದೆ ಬರೆದು, ಇಷ್ಟೇನಾ ಇದರ ಕಥೆ ಅಂತ ಮೂಗು ಮುರಿದಿದ್ದೆ. ಎರಡನೇ ಸಲ ಎಂಟರ್ ಒತ್ತಿದ ಬೆರಳು ಮೇಲೆತ್ತುವಷ್ಟರಲ್ಲಿ ಉತ್ತರ ಬಂದಿತ್ತು, ತಪ್ಪೇನಾದರೂ ಆಯಿತಾ ಅಂತ ಮತ್ತೆ ಓಡಿಸಿ ನೋಡಿದೆ!

ಕಿರಿಕಿರಿ ಇಲ್ಲ ಅಂತಲ್ಲ. ನೋಟ್‌ಬುಕ್ಕಿನಲ್ಲಿ (ಕೋಡ್ ಬರೆದು ಅಲ್ಲೇ ಓಡಿಸುವ ಪುಟ) ಡೇಟಾಬೇಸ್ ಫೈಲನ್ನು ಬರೆಯೋಕೆ ತೆರೆದಿಟ್ಟರೆ ಬೇರೆ ಪ್ರೋಗ್ರಾಂ ಅದರ ಹತ್ತಿರ ಸುಳಿಯುವಂತಿಲ್ಲ. ಹತ್ತು ಜನ ಒಟ್ಟಿಗೆ ಬರೆಯುವ ಕೆಲಸಕ್ಕೆ ಇದು ಆಗಲ್ಲ. ಮೆಮೊರಿ ಮೀರಿದರೆ ಡಿಸ್ಕಿಗೆ ಸುರಿದುಕೊಂಡು ಕೆಲಸ ಮುಂದುವರಿಸುತ್ತದೆ, ಆಗ ಡಿಸ್ಕಿನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. ಬಣ್ಣದ ಚಾರ್ಟ್ ಬೇಕಿದ್ದರೆ ಬೇರೆ ಟೂಲ್ ಬೇಕೇ ಬೇಕು.

ಹಾಗಾಗಿ ಹಳೇ ಡ್ಯಾಶ್‌ಬೋರ್ಡ್ ಬಿಟ್ಟಿಲ್ಲ. 4 ಕೋಟಿ ಸಾಲಿನ ಬದಲು ಡಕ್‌ಡಿಬಿಯಲ್ಲಿ ದಿನದ ಲೆಕ್ಕ ಕೂಡಿಸಿದ ಸಣ್ಣ ಟೇಬಲ್ ಅದಕ್ಕೆ ಕೊಡುತ್ತೇನೆ, ಚಕ್ರ ನಿಂತಿದೆ. ಒಂದೇ ಕಡೆ ಎಡವಿದೆ: ದಿನದ ಬಳಕೆದಾರರ ಸಂಖ್ಯೆಗಳನ್ನು ಕೂಡಿದರೆ ತಿಂಗಳ ಬಳಕೆದಾರರ ಸಂಖ್ಯೆ ಬರಲ್ಲ, ಒಬ್ಬನೇ ಹತ್ತು ದಿನ ಬಂದಿರುತ್ತಾನಲ್ವಾ. ಅದಕ್ಕೆ ಇನ್ನೊಂದು ಟೇಬಲ್ ಮಾಡಿದೆ.